ಸಿಂಗಲ್ ಸ್ಟೇಜ್, ಟರೆಟ್, ಪ್ರೊಗ್ರೆಸಿವ್: ಪಿಸ್ತೂಲಿನ ತೋಟಾ ತುಂಬಲು ಯಾವ ಪ್ರೆಸ್ ಸರಿ?

ಹಾರಿಸಿದ ತೋಟಾದ ಹಿತ್ತಾಳೆ ಕವಚವನ್ನು, ಅಂದರೆ ಕೇಸನ್ನು, ಮತ್ತೆ ತುಂಬುವ ಯಂತ್ರವೇ ಪ್ರೆಸ್. ಅದನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು ಗಂಟೆಗೆ ಎಷ್ಟು ತೋಟಾ ತಯಾರಾಗುತ್ತವೆ ಎಂದು. ಅದನ್ನು ಎರಡನೆಯದಾಗಿ ಕೇಳಿದರೆ ಸಾಕು. ಮದ್ದು ಬಿದ್ದ ಮೇಲೆ, ಗುಂಡು ಕೂರುವ ಮೊದಲು, ಪ್ರತಿ ಕೇಸಿನ ಒಳಗೂ ನಿಮ್ಮ ಕಣ್ಣು ಹಾಯುತ್ತದೆಯೇ? ಮೊದಲು ಕೇಳಬೇಕಾದದ್ದು ಇದು. ಕೈಯಲ್ಲಿ ತುಂಬಿದ ತೋಟಾ ಹಾಕಿದಾಗ ಪಿಸ್ತೂಲು ಮುಗ್ಗರಿಸಿದರೆ, ಕಾರಣ ಹೆಚ್ಚಿನ ಸಲ ಬೆಂಚಿನ ಮೇಲೇ ಸಿಗುತ್ತದೆ: ಡೈ (ಪ್ರೆಸ್‌ನಲ್ಲಿ ತಿರುಗಿಸಿ ಕೂರಿಸುವ ಅಚ್ಚು) ಕಾಲು ಸುತ್ತು ಹೆಚ್ಚು ತಿರುಗಿರುತ್ತದೆ, ಪ್ರೈಮರ್ (ಏಟಿಗೆ ಸಿಡಿದು ಮದ್ದನ್ನು ಹೊತ್ತಿಸುವ ಪುಟ್ಟ ಬಟ್ಟಲು) ಕೂದಲೆಳೆಯಷ್ಟು ಮೇಲೆ ನಿಂತಿರುತ್ತದೆ, ಇಲ್ಲವೇ ಒಂದು ಕೇಸಿಗೆ ಮದ್ದೇ ಬಿದ್ದಿರುವುದಿಲ್ಲ. ಯಾವ ಪ್ರೆಸ್‌ನಲ್ಲಿ ಯಾವ ತಪ್ಪು ಸುಲಭವಾಗಿ ನುಸುಳುತ್ತದೆ, ಯಾವುದು ಕೈಗೆ ಸಿಕ್ಕಿಬೀಳುತ್ತದೆ ಎಂದು ತಿಳಿದರೆ ಆಯ್ಕೆ ತಾನಾಗಿಯೇ ಸಲೀಸಾಗುತ್ತದೆ.

ಅದಕ್ಕೂ ಮೊದಲು ಎರಡು ಮಾತು. ತೋಟಾ ತುಂಬುವುದಕ್ಕೆ, ಮದ್ದು ಮತ್ತು ಪ್ರೈಮರ್ ಇಟ್ಟುಕೊಳ್ಳುವುದಕ್ಕೆ ಹಲವು ದೇಶಗಳಲ್ಲಿ ಪರವಾನಗಿ ಬೇಕು, ಕೆಲವೆಡೆ ಅನುಮತಿಯೇ ಇಲ್ಲ. ನೀವಿರುವಲ್ಲಿನ ಕಾನೂನು ಏನು ಹೇಳುತ್ತದೆ ಎಂದು ಖಚಿತವಾದ ಮೇಲಷ್ಟೇ ಉಪಕರಣದ ಯೋಚನೆ. ಇನ್ನು, ಎಷ್ಟು ಮದ್ದು ಎಂಬ ಪ್ರಮಾಣಗಳನ್ನು ಇಲ್ಲಿ ಕೊಟ್ಟಿಲ್ಲ. ಅವನ್ನು ಮದ್ದು ತಯಾರಿಸಿದವರ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ನಿಮ್ಮದೇ ಗುಂಡು, ಅದೇ ತೂಕ, ಅದೇ ಬಗೆಯ ಪ್ರೈಮರ್‌ಗೆ ಕೊಟ್ಟ ಆರಂಭಿಕ ಪ್ರಮಾಣದಿಂದ ಶುರು ಮಾಡಿ ಸ್ವಲ್ಪಸ್ವಲ್ಪವೇ ಏರಬೇಕು. 9 ಎಂಎಂನಲ್ಲಿ ಆರಂಭಿಕ ಪ್ರಮಾಣಕ್ಕೂ ಗರಿಷ್ಠ ಪ್ರಮಾಣಕ್ಕೂ ಇರುವ ಅಂತರ ಹಲವು ಮದ್ದುಗಳಲ್ಲಿ ಒಂದು ಗ್ರೇನ್‌ಗಿಂತ ಕಡಿಮೆ. ಒಂದು ಗ್ರೇನ್ ಎಂದರೆ 0.0648 ಗ್ರಾಂ. ಅಂದಾಜಿಗೆ ಇಲ್ಲಿ ಜಾಗವಿಲ್ಲ.

ಕೆಲಸದ ಹಂತಗಳು

ಪ್ರೆಸ್ ಯಾವುದಾದರೂ ಆಗಲಿ, ಕೆಲಸ ಒಂದೇ. ಹಳೆಯ ಪ್ರೈಮರ್ ಹೊರದೂಡಿ ಕೇಸನ್ನು ಮೊದಲಿನ ಅಳತೆಗೆ ಒತ್ತುವುದು (ಸೈಜಿಂಗ್), ಹೊಸ ಪ್ರೈಮರ್ ಕೂರಿಸುವುದು, ಕೇಸಿನ ಬಾಯಿಯನ್ನು ಚೂರು ಅಗಲಿಸುವುದು, ಮದ್ದು ಹಾಕುವುದು, ಗುಂಡು ಕೂರಿಸುವುದು, ಕೊನೆಗೆ ಅಗಲಿಸಿದ ಬಾಯಿಯನ್ನು ಮತ್ತೆ ನೇರಕ್ಕೆ ತರುವ ಕ್ರಿಂಪ್. ಪಿಸ್ತೂಲಿನ ಕೇಸ್‌ಗಳಿಗೆ ಕಾರ್ಬೈಡ್ ಸೈಜಿಂಗ್ ಡೈ ಕೊಂಡರೆ ಎಣ್ಣೆ ಸವರುವ ಗೋಜಿಲ್ಲ. ಆದರೂ 9 ಎಂಎಂ ಕೇಸ್ ಬುಡದಿಂದ ಬಾಯಿಗೆ ಸ್ವಲ್ಪ ಕಿರಿದಾಗುವುದರಿಂದ ತೆಳುವಾಗಿ ಲ್ಯೂಬ್ ಸಿಂಪಡಿಸಿದರೆ ಹಿಡಿಕೆ ಎಷ್ಟೋ ಹಗುರವಾಗುತ್ತದೆ.

ಸಿಂಗಲ್ ಸ್ಟೇಜ್

ಒಂದು ಡೈ, ಒಂದು ಕೇಸ್, ಒಂದು ಕೆಲಸ. ಆರ್‌ಸಿಬಿಎಸ್ ರಾಕ್ ಚಕರ್‌ನಂಥ ಎರಕದ ಕಬ್ಬಿಣದ ಪ್ರೆಸ್ ಒಂದು ತಲೆಮಾರು ಕಳೆದರೂ ಸವೆಯುವುದಿಲ್ಲ. ಐವತ್ತು ಕೇಸ್‌ಗಳಿಗೆ ಸೈಜಿಂಗ್ ಮುಗಿಸಿ, ಡೈ ಬದಲಿಸಿ, ಅಷ್ಟಕ್ಕೂ ಬಾಯಿ ಅಗಲಿಸಿ, ಮತ್ತೆ ಡೈ ಬದಲಿಸಿ ಎಂಬಂತೆ ಕಂತಿನಲ್ಲಿ ಕೆಲಸ ಸಾಗುತ್ತದೆ. ಗಂಟೆಗೆ 50ರಿಂದ 100 ತೋಟಾ ಆದರೆ ಹೆಚ್ಚು.

ಈ ನಿಧಾನದಿಂದ ಸಿಗುವ ದೊಡ್ಡ ಲಾಭ ಲೋಡಿಂಗ್ ಬ್ಲಾಕ್. ಐವತ್ತು ತೂತುಗಳ ಆ ಹಲಗೆಯಲ್ಲಿ ಮದ್ದು ತುಂಬಿದ ಐವತ್ತೂ ಕೇಸ್‌ಗಳು ಸಾಲಾಗಿ ನಿಂತಿರುತ್ತವೆ. ಮೇಲಿನಿಂದ ಟಾರ್ಚ್ ಹಿಡಿದು ಸಾಲುಸಾಲಾಗಿ ನೋಡುತ್ತಾ ಹೋದರೆ, ಖಾಲಿ ಕೇಸಿನ ಕಪ್ಪು ತಳವಾಗಲಿ, ಎರಡು ಸಲ ಮದ್ದು ಬಿದ್ದು ಉಳಿದವಕ್ಕಿಂತ ಎತ್ತರವಾಗಿರುವ ಕೇಸಾಗಲಿ ತಟ್ಟನೆ ಕಣ್ಣಿಗೆ ಬೀಳುತ್ತದೆ. ಅಕ್ಕಪಕ್ಕದ ಕೇಸ್‌ಗಳೇ ಅಳತೆಗೋಲಾಗುತ್ತವೆ. ಉಳಿದ ಎರಡು ಬಗೆಯ ಪ್ರೆಸ್‌ಗಳಲ್ಲಿ ಈ ಅನುಕೂಲ ಇಲ್ಲ.

ತೊಂದರೆ ಇರುವುದು ಡೈ ಬದಲಿಸುವಲ್ಲಿ. ಲಾಕ್ ರಿಂಗ್ ಭದ್ರವಾಗಿ ಬಿಗಿಯದಿದ್ದರೆ ಪ್ರತಿ ಸಲ ತಿರುಗಿಸಿ ಕೂರಿಸುವಾಗ ಎತ್ತರ ಚೂರು ಬದಲಾಗುತ್ತದೆ. ನಿನ್ನೆಯ ತೋಟಾದ ಉದ್ದ ಒಂದು, ಇಂದಿನದು ಇನ್ನೊಂದು. ಹಾಗಾಗಿ ಪ್ರತಿ ಕಂತಿನ ಮೊದಲ ತೋಟಾವನ್ನು ಕ್ಯಾಲಿಪರ್‌ನಲ್ಲಿ ಅಳೆದೇ ಮುಂದುವರಿಯಬೇಕು.

ತಿಂಗಳಿಗೆ ಇನ್ನೂರು-ಮುನ್ನೂರು ತೋಟಾ ಹಾರಿಸುವವರಿಗೆ, ಕೆಲಸ ಈಗಷ್ಟೇ ಕಲಿಯುತ್ತಿರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಟರೆಟ್

ಇಲ್ಲಿ ಕೇಸ್ ಒಂದೇ ಕಡೆ ನಿಂತಿರುತ್ತದೆ, ಮೇಲಿನ ಚಕ್ರದಲ್ಲಿ ಸಾಲಾಗಿ ಕೂತ ಡೈಗಳು ಒಂದೊಂದಾಗಿ ಅದರ ನೆತ್ತಿಗೆ ಬರುತ್ತವೆ. ಲೀ ಕ್ಲಾಸಿಕ್ ಟರೆಟ್‌ನಂಥದ್ದರಲ್ಲಿ ಚಕ್ರ ತಾನೇ ತಿರುಗುತ್ತದೆ. ನಾಲ್ಕು ಸಲ ಹಿಡಿಕೆ ಎಳೆದರೆ ಒಂದು ತೋಟಾ, ಗಂಟೆಗೆ 150ರಿಂದ 200. ಚಕ್ರವನ್ನು ತಿರುಗಿಸುವ ಇಂಡೆಕ್ಸ್ ಸರಳು ತೆಗೆದಿಟ್ಟರೆ ಅದೇ ಸಿಂಗಲ್ ಸ್ಟೇಜ್ ಆಗುತ್ತದೆ. ಬೇರೆ ಕ್ಯಾಲಿಬರ್ ಬೇಕಾದಾಗ ಡೈಗಳ ಸಮೇತ ಚಕ್ರವನ್ನೇ ಬದಲಿಸಿದರಾಯಿತು, ಹೊಂದಾಣಿಕೆ ಅಲುಗುವುದಿಲ್ಲ. ಮದ್ದು ಬಿದ್ದ ಕೇಸ್ ನಿಮ್ಮ ಮುಂದೆಯೇ ಇರುತ್ತದೆ, ಗುಂಡು ಇಡುವ ಕೈ ಅಲ್ಲಿಗೇ ಹೋಗುವುದರಿಂದ ಒಳಗೆ ನೋಡದೆ ಗುಂಡು ಇಡುವುದೇ ಕಷ್ಟ. ಚಕ್ರ ಒತ್ತಡಕ್ಕೆ ತುಸು ಎದ್ದು ಕೂರುತ್ತದೆ ಎಂಬ ದೂರು ನಿಜವಾದರೂ ಪಿಸ್ತೂಲಿನ ತೋಟಾಕ್ಕೆ ಅದು ಲೆಕ್ಕಕ್ಕಿಲ್ಲ.

ಪ್ರೊಗ್ರೆಸಿವ್

ಇದರಲ್ಲಿ ತಿರುಗುವುದು ಕೇಸ್‌ಗಳನ್ನು ಹಿಡಿದ ಶೆಲ್ ಪ್ಲೇಟ್. ಪ್ರತಿ ಎಳೆತಕ್ಕೂ ಎಲ್ಲ ನಿಲ್ದಾಣಗಳಲ್ಲಿ ಒಟ್ಟಿಗೆ ಕೆಲಸ ನಡೆದು ಒಂದು ತೋಟಾ ಹೊರಬೀಳುತ್ತದೆ. ಗಂಟೆಗೆ 400ರಿಂದ 600 ಸುಲಭ. ವಾರಕ್ಕೆ ಹಲವು ನೂರು ತೋಟಾ ಬೇಕಾದ ಸ್ಪರ್ಧಿಗಳಿಗೆ ಬೇರೆ ದಾರಿಯಿಲ್ಲ. ಆದರೆ ಒಂದೇ ಎಳೆತದಲ್ಲಿ ನಾಲ್ಕೈದು ಕೆಲಸ ನಡೆಯುವಾಗ ನಾಲ್ಕೈದು ತಪ್ಪುಗಳೂ ನಡೆಯಬಹುದು, ಕೈಗೆ ಮಾತ್ರ ಒಂದೇ ಸ್ಪರ್ಶ ತಿಳಿಯುತ್ತದೆ. ಇದರ ವರ್ತನೆಯನ್ನು ಬಿಡಿಸಿ ಹೇಳುವುದು ಅಗತ್ಯ.

ಮೊದಲನೆಯದು ಪ್ಲೇಟ್ ತಿರುಗುವ ಬಗೆ. ಡಿಲ್ಲನ್ 550ರಲ್ಲಿ ನಾಲ್ಕು ನಿಲ್ದಾಣ, ಪ್ಲೇಟನ್ನು ಕೈಯಿಂದಲೇ ತಿರುಗಿಸಬೇಕು. ಯಾರೋ ಮಾತಾಡಿಸಿ ಗಮನ ತಪ್ಪಿ, ತಿರುಗಿಸದೆ ಇನ್ನೊಮ್ಮೆ ಎಳೆದರೆ ಅದೇ ಕೇಸಿಗೆ ಎರಡನೆಯ ಸಲ ಮದ್ದು. ಡಿಲ್ಲನ್ 750ರಂಥ ಐದು ನಿಲ್ದಾಣದ, ತಾನೇ ತಿರುಗುವ ಪ್ರೆಸ್‌ನಲ್ಲಿ ಈ ಅಪಾಯ ಕಡಿಮೆ. ಅಲ್ಲಿ ಗಂಡಾಂತರ ಬರುವುದು ಏನೋ ಸಿಕ್ಕಿಕೊಂಡು, ಹಿಡಿಕೆ ಅರ್ಧಕ್ಕೆ ನಿಂತು, ಹಿಂದೆ-ಮುಂದೆ ಆಡಿಸಿದಾಗ. ಯಾವ ಕೇಸಿಗೆ ಮದ್ದು ಬಿದ್ದಿದೆ, ಎಷ್ಟು ಬಿದ್ದಿದೆ ಎಂಬುದು ಆಗ ಯಾರಿಗೂ ಗೊತ್ತಿರುವುದಿಲ್ಲ. ಎರಡು ಬಗೆಗೂ ನಿಯಮ ಒಂದೇ: ಪ್ರೆಸ್ ನಿಂತಿತೆಂದರೆ ಮದ್ದಿನ ನಿಲ್ದಾಣದಲ್ಲಿರುವ ಕೇಸನ್ನೂ ಅದರ ಮುಂದಿನದನ್ನೂ ಹೊರತೆಗೆದು, ಮದ್ದನ್ನು ಸುರಿದು, ಕೇಸ್‌ಗಳನ್ನು ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಬೇಕು.

ಐದು ನಿಲ್ದಾಣಗಳಿದ್ದರೆ ಒಂದನ್ನು ಪೌಡರ್ ಚೆಕ್ ಡೈಗೆ ಮೀಸಲಿಡಿ. ಮದ್ದಿನ ಎತ್ತರ ತೀರಾ ಕಡಿಮೆಯೋ ಹೆಚ್ಚೋ ಆದರೆ ಅದು ಸದ್ದು ಮಾಡುತ್ತದೆ ಅಥವಾ ಪ್ರೆಸ್ಸನ್ನೇ ನಿಲ್ಲಿಸುತ್ತದೆ. ಆದರೆ ಖಾಲಿ ಕೇಸ್ ಮತ್ತು ದುಪ್ಪಟ್ಟು ಮದ್ದನ್ನು ಹಿಡಿಯುವಷ್ಟೇ ಅದರ ಶಕ್ತಿ. ಗ್ರೇನಿನ ಹತ್ತನೇ ಒಂದು ಭಾಗದ ವ್ಯತ್ಯಾಸ ಅದಕ್ಕೆ ಕಾಣದು. ಗುಂಡು ಕೂರುವ ನಿಲ್ದಾಣಕ್ಕೆ ಬೆಳಕು ಬೀಳುವಂತೆ ಸಣ್ಣ ಎಲ್‌ಇಡಿ ದೀಪ ಅಂಟಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸಕ್ಕೆ ಬರುವ ಉಪಕರಣ ಮತ್ತೊಂದಿಲ್ಲ.

ಎರಡನೆಯದು ಪ್ಲೇಟಿನ ವಾಲಿಕೆ. ಎಲ್ಲ ನಿಲ್ದಾಣಗಳಲ್ಲಿ ಕೇಸ್ ಇದ್ದಾಗ ಒತ್ತಡ ಸುತ್ತಲೂ ಹಂಚಿಹೋಗುತ್ತದೆ. ಒಂದೇ ಕೇಸ್ ಇದ್ದರೆ ಪ್ಲೇಟ್ ಬೇರೆ ರೀತಿಯಲ್ಲಿ ವಾಲಿ, ತೋಟಾದ ಉದ್ದ ಬೇರೆ ಬರುತ್ತದೆ. ಆದ್ದರಿಂದ ಗುಂಡು ಕೂರಿಸುವ ಡೈಯನ್ನು ಹೊಂದಿಸುವಾಗ ಪ್ಲೇಟ್ ಪೂರ್ತಿ ತುಂಬಿರಬೇಕು. ಒಂಟಿ ಕೇಸ್ ಇಟ್ಟು ಹೊಂದಿಸಿ, ಆಮೇಲೆ ಉದ್ದ ಸರಿ ಬರುತ್ತಿಲ್ಲ ಎಂದು ಡೈಯನ್ನು ದೂರುವುದು ತೀರಾ ಸಾಮಾನ್ಯ.

ಮೂರನೆಯದು ಚೆಲ್ಲುವ ಮದ್ದು. 9 ಎಂಎಂ ಕೇಸ್ ಚಿಕ್ಕದು, ಪ್ಲೇಟ್ ಜರ್ಕ್ ಹೊಡೆದು ತಿರುಗಿದರೆ ನುಣುಪು ಮದ್ದಿನ ಕಣಗಳು ಹೊರಗೆ ಹಾರುತ್ತವೆ. ಅವು ಪ್ರೈಮರನ್ನು ಒತ್ತಿ ಕೂರಿಸುವ ಪಂಚ್ ಸುತ್ತ ಸೇರಿಕೊಂಡರೆ ಪ್ರೈಮರ್ ಪೂರ್ತಿ ಕೂರುವುದಿಲ್ಲ. ನೂರು ತೋಟಾಕ್ಕೊಮ್ಮೆ, ಪ್ರೈಮರ್ ನಳಿಕೆ ತುಂಬುವಾಗ, ಬ್ರಷ್ ಆಡಿಸಿ ಬಿಡಿ. ಆ ನಳಿಕೆಯಲ್ಲಿ ನೂರು ಪ್ರೈಮರ್‌ಗಳು ಒಂದರ ಮೇಲೊಂದು ನಿಂತಿರುತ್ತವೆ ಎಂಬುದು ನೆನಪಿರಲಿ. ಒಂದು ಸಿಡಿದರೆ ಉಳಿದವೂ ಸಿಡಿಯಬಹುದು. ಪ್ರೈಮರ್ ಕೂರುವಾಗ ಹಿಡಿಕೆ ತಡೆದರೆ ಬಲ ಹಾಕಬಾರದು, ಕಣ್ಣಿನ ಮೇಲೆ ರಕ್ಷಣೆಯ ಕನ್ನಡಕ ಇರಲೇಬೇಕು.

ಇನ್ನು ಕೇಸ್‌ಗಳ ವಿಂಗಡಣೆ. ಸಿಂಗಲ್ ಸ್ಟೇಜ್‌ನಲ್ಲಿ ಪ್ರತಿ ಕೇಸೂ ಹಲವು ಸಲ ಕೈಗೆ ಬರುವುದರಿಂದ ಬೇರೆ ಜಾತಿಯದು ತಾನೇ ಸಿಕ್ಕಿಬೀಳುತ್ತದೆ. ಪ್ರೊಗ್ರೆಸಿವ್‌ನಲ್ಲಿ 9 ಎಂಎಂ ರಾಶಿಯಲ್ಲಿ ಸೇರಿಕೊಂಡ .380 ಕೇಸ್ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಅದರ ಉದ್ದ 17.27 ಮಿ.ಮೀ., 9 ಎಂಎಂ ಕೇಸಿನದು 19.15. ಮದ್ದಿನ ಅಳತೆಯ ಪೆಟ್ಟಿಗೆಯನ್ನು ಕೇಸೇ ಮೇಲೆ ತಳ್ಳುವುದರಿಂದ ಗಿಡ್ಡ ಕೇಸಿಗೆ ಮದ್ದು ಅರೆಬರೆ ಬೀಳುತ್ತದೆ ಅಥವಾ ಬೀಳುವುದೇ ಇಲ್ಲ. .45 ಎಸಿಪಿಯಲ್ಲಿ ಸಮಸ್ಯೆ ಬೇರೆ: ದೊಡ್ಡ ಪ್ರೈಮರಿನವೂ ಸಣ್ಣ ಪ್ರೈಮರಿನವೂ ಒಂದೇ ಹೊರರೂಪದಲ್ಲಿ ಬರುತ್ತವೆ. ಸಣ್ಣ ಗುಳಿಗೆ ದೊಡ್ಡ ಪ್ರೈಮರ್ ಒತ್ತಲು ಹೋದರೆ ಅದು ಜಜ್ಜಿಹೋಗುತ್ತದೆ, ಸಿಡಿಯಲೂಬಹುದು. ಕೆಲಸಕ್ಕೆ ಕೂರುವ ಮೊದಲೇ ವಿಂಗಡಣೆ ಮುಗಿದಿರಬೇಕು.

ಮದ್ದಿನ ಆಯ್ಕೆಯೂ ಪ್ರೆಸ್ಸಿನ ಆಯ್ಕೆಯ ಭಾಗ

ಪ್ರೊಗ್ರೆಸಿವ್ ಕೊಳ್ಳುವವರು ಕೇಸಿನ ಅರ್ಧಕ್ಕಿಂತ ಹೆಚ್ಚು ತುಂಬುವ, ಉಬ್ಬಾದ ಮದ್ದನ್ನು ಆರಿಸಿಕೊಳ್ಳುವುದು ಜಾಣತನ. ಎರಡು ಸಲ ಬಿದ್ದರೆ ಅದು ಉಕ್ಕಿ ಪ್ಲೇಟಿನ ಮೇಲೆಲ್ಲ ಚೆಲ್ಲುತ್ತದೆ, ಕಾಣದೆ ಹೋಗುವ ಪ್ರಶ್ನೆಯೇ ಇಲ್ಲ. .38 ಸ್ಪೆಷಲ್‌ನಂಥ ಉದ್ದ ಕೇಸಿನಲ್ಲಿ ಸಾಂದ್ರವಾದ ಮದ್ದಿನ ಸಣ್ಣ ಪ್ರಮಾಣ ತಳದಲ್ಲಿ ಎಲ್ಲೋ ಅಡಗಿರುತ್ತದೆ, ದುಪ್ಪಟ್ಟು ಬಿದ್ದರೂ ಬಾಯಿಯಿಂದ ಬಹಳ ಕೆಳಗೇ ಇರುತ್ತದೆ. ಉಬ್ಬಾದ ಚಕ್ಕೆ ಮದ್ದು ಪೆಟ್ಟಿಗೆಯಿಂದ ಸಮನಾಗಿ ಬೀಳುವುದಿಲ್ಲ, ದುಂಡು ಕಣದ್ದು ನೀರಿನಂತೆ ಸಲೀಸಾಗಿ ಬೀಳುತ್ತದೆ ಎಂಬುದೂ ನಿಜ; ಎರಡರ ನಡುವೆ ತೂಗಿ ನೋಡಬೇಕು. ಹೊಂದಾಣಿಕೆಯಾದ ಮೇಲೆ ಮೊದಲ ಹತ್ತು ಸುರಿಗಳನ್ನು ಮತ್ತೆ ಪೆಟ್ಟಿಗೆಗೇ ಸುರಿದು, ಆಮೇಲಿನ ಹತ್ತನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ. ಆಗ ತಕ್ಕಡಿಯ ಸಣ್ಣ ತಪ್ಪು ಹಂಚಿಹೋಗುತ್ತದೆ. ಬೆಂಚಿನ ಮೇಲೆ ಒಂದು ಡಬ್ಬಿ ಮದ್ದು ಮಾತ್ರ ಇರಬೇಕು, ಎರಡನೆಯದು ಕಪಾಟಿನಲ್ಲಿ.

ರೇಂಜಿನಲ್ಲಿ ಮುಗ್ಗರಿಸಿದಾಗ

ತೊಂದರೆ ಪಿಸ್ತೂಲಿನದೋ, ಮ್ಯಾಗಜಿನ್‌ದೋ, ತೋಟಾದ್ದೋ ಎಂದು ಬೇರ್ಪಡಿಸುವುದು ಮೊದಲ ಕೆಲಸ. ಮ್ಯಾಗಜಿನ್‌ಗಳಿಗೆಲ್ಲ ನಂಬರ್ ಬರೆಯಿರಿ. ತೊಂದರೆ ಒಂದೇ ನಂಬರಿನ ಜೊತೆ ಓಡಾಡಿದರೆ ಅದರ ತುಟಿ (ತೋಟಾ ಹಿಡಿದಿಡುವ ಮೇಲಂಚು) ಅಥವಾ ಸ್ಪ್ರಿಂಗ್ ಹೋಗಿದೆ. ಅದೇ ಪಿಸ್ತೂಲು, ಅದೇ ಮ್ಯಾಗಜಿನ್ ಕಾರ್ಖಾನೆಯ ತೋಟಾದಲ್ಲಿ ಸಲೀಸಾಗಿ ನಡೆದು, ನೀವು ತುಂಬಿದ್ದರಲ್ಲಿ ಮುಗ್ಗರಿಸಿದರೆ ಬಂದೂಕನ್ನು ಬಿಚ್ಚುವ ಅಗತ್ಯವಿಲ್ಲ.

ಅತಿ ಹೆಚ್ಚು ಕಾಣುವ ದೂರು: ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಜಾರುವ ಭಾಗ) ಕೊನೆಯ ಎರಡು ಮೂರು ಮಿಲಿಮೀಟರ್ ಮುಂದೆ ಹೋಗದೆ ನಿಲ್ಲುವುದು. ಪಿಸ್ತೂಲನ್ನು ಖಾಲಿ ಮಾಡಿ, ಬ್ಯಾರೆಲ್ ಹೊರತೆಗೆದು, ಬಾಯಿ ಕೆಳಗೆ ಮಾಡಿ ಹಿಡಿದು, ಹಿಂದಿನಿಂದ ಚೇಂಬರ್ ಒಳಗೆ ತೋಟಾ ಬಿಡಿ. ಅದು ‘ಠಕ್’ ಎಂದು ಕೂರಬೇಕು, ಬೆರಳಿನಿಂದ ಸುತ್ತಿಸಿದರೆ ಸುತ್ತಬೇಕು, ಬ್ಯಾರೆಲ್ ಬೋರಲು ಹಾಕಿದರೆ ತನ್ನ ಭಾರಕ್ಕೇ ಬೀಳಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ತೋಟಾದ ಮೈಗೆಲ್ಲ ಮಾರ್ಕರ್ ಪೆನ್ನಿನ ಕಪ್ಪು ಬಳಿದು, ಮತ್ತೆ ಒಳಗೆ ಬಿಟ್ಟು ಸುತ್ತಿಸಿ, ತೆಗೆದು ನೋಡಿ. ಕಪ್ಪು ಅಳಿಸಿದ ಜಾಗವೇ ಉತ್ತರ. ಗುಂಡಿನ ಹೆಗಲ ಮೇಲೆ ಅಳಿಸಿದ್ದರೆ ಗುಂಡು ಬ್ಯಾರೆಲಿನ ಗೀರುಗಳನ್ನು ಮುಟ್ಟುತ್ತಿದೆ. ಇನ್ನಷ್ಟು ಒಳಗೆ ಕೂರಿಸಬೇಕು. 9 ಎಂಎಂ ತೋಟಾದ ಗರಿಷ್ಠ ಉದ್ದ 29.69 ಮಿ.ಮೀ. ಎಂದಿದ್ದರೂ ನಿಮ್ಮ ಗುಂಡಿನ ಆಕಾರಕ್ಕೆ, ನಿಮ್ಮ ಬ್ಯಾರೆಲ್‌ಗೆ ಅದಕ್ಕಿಂತ ಸಾಕಷ್ಟು ಗಿಡ್ಡ ಬೇಕಾಗಬಹುದು. ಆದರೆ ಗುಂಡು ಒಳಗೆ ಹೋದಷ್ಟೂ ಒತ್ತಡ ಏರುತ್ತದೆ, ಹಾಗಾಗಿ ಉದ್ದ ಕಡಿಮೆ ಮಾಡಿದಾಗ ಮದ್ದನ್ನು ಮತ್ತೆ ಆರಂಭಿಕ ಪ್ರಮಾಣಕ್ಕೆ ಇಳಿಸಿ ಹೊಸದಾಗಿ ಏರಬೇಕು. ಕೇಸಿನ ಬಾಯಿಯ ಅಂಚಿನಲ್ಲಿ ಅಳಿಸಿದ್ದರೆ ಕ್ರಿಂಪ್ ಸಾಲದು. ಬುಡದ ಹತ್ತಿರ ಅಳಿಸಿದ್ದರೆ ಸೈಜಿಂಗ್ ಡೈ ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್‌ವರೆಗೆ ಇಳಿದಿಲ್ಲ.

ಕ್ರಿಂಪ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. 9 ಎಂಎಂ, .45 ಎಸಿಪಿಗಳಲ್ಲಿ ತೋಟಾ ಚೇಂಬರಿನಲ್ಲಿ ನಿಲ್ಲುವುದು ಕೇಸಿನ ಬಾಯಿಯ ಅಂಚಿನ ಮೇಲೆ. ಅಲ್ಲಿ ಬೇಕಾದದ್ದು ಅಗಲಿಸಿದ್ದನ್ನು ನೇರ ಮಾಡುವ ಟೇಪರ್ ಕ್ರಿಂಪ್ ಮಾತ್ರ. 9 ಎಂಎಂ ಬಾಯಿಯ ಹೊರ ಅಳತೆ 9.60ರಿಂದ 9.65 ಮಿ.ಮೀ. ಒಳಗೆ ಬಂದರೆ ಸಾಕು. ಗುಂಡು ಗಟ್ಟಿಯಾಗಿ ನಿಲ್ಲಲಿ ಎಂದು ಇನ್ನೂ ಬಿಗಿದರೆ ಆಗುವುದು ತಿರುಗುಮುರುಗು: ಒತ್ತಿದ ಹಿತ್ತಾಳೆ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತದೆ, ಒತ್ತಿಸಿಕೊಂಡ ಸೀಸ ಬರುವುದಿಲ್ಲ, ಹಿಡಿತ ಸಡಿಲವಾಗುತ್ತದೆ. ಗುಂಡನ್ನು ಹಿಡಿದಿಡುವುದು ಸೈಜಿಂಗ್. ಪರೀಕ್ಷೆ ಸುಲಭ: ಉದ್ದ ಅಳೆದು, ಗುಂಡಿನ ಮೂತಿಯನ್ನು ಬೆಂಚಿನ ಅಂಚಿಗೆ ಹೆಬ್ಬೆರಳಿನ ಬಲದಿಂದ ಒತ್ತಿ, ಮತ್ತೆ ಅಳೆಯಿರಿ. ಗಿಡ್ಡವಾಗಿದ್ದರೆ ಆ ತೋಟಾ ಪಿಸ್ತೂಲಿನೊಳಗೆ ಹೋಗಬಾರದು. ಚೇಂಬರಿನ ಬಾಯಿಯ ಇಳಿಜಾರಾದ ರ‍್ಯಾಂಪಿಗೆ ಬಡಿದು ಗುಂಡು ಒಳಗೆ ಜಾರಿದರೆ ಒತ್ತಡ ಅಪಾಯದ ಮಟ್ಟಕ್ಕೆ ನೆಗೆಯುತ್ತದೆ. ಗುಂಡು ಕೂರಿಸುವುದಕ್ಕೂ ಕ್ರಿಂಪಿಗೂ ಬೇರೆ ಬೇರೆ ಡೈ ಇಟ್ಟುಕೊಳ್ಳಿ. ಎರಡನ್ನೂ ಒಂದರಲ್ಲೇ ಮಾಡಿದರೆ ಸೀಸದ ಗುಂಡಿನ ಮೈ ಕೆತ್ತಿ ಬಾಯಿಯ ಸುತ್ತ ಉಂಗುರ ನಿಲ್ಲುತ್ತದೆ.

ಟ್ರಿಗರ್ ಎಳೆದರೂ ಹಾರದಿದ್ದರೆ ಬ್ಯಾರೆಲ್ ಗುರಿಯತ್ತಲೇ ಇರಲಿ, 30 ಸೆಕೆಂಡ್ ಕಾಯಿರಿ, ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಆಮೇಲೆ ತೋಟಾ ತೆಗೆದು ಪ್ರೈಮರ್ ನೋಡಿ. ಅದೇ ತೋಟಾ ಎರಡನೆಯ ಏಟಿಗೆ ಹಾರುವುದಾದರೆ ಪ್ರೈಮರ್ ಪೂರ್ತಿ ಕೂತಿರಲಿಲ್ಲ ಎಂಬ ಅನುಮಾನವೇ ಮೊದಲು: ಮೊದಲ ಏಟಿನ ಬಲವೆಲ್ಲ ಅದನ್ನು ತಳಕ್ಕೆ ತಳ್ಳುವುದರಲ್ಲಿ ಹೋಯಿತು. ಪ್ರೈಮರ್ ಕೇಸಿನ ತಳದ ಮಟ್ಟಕ್ಕಿಂತ 0.08ರಿಂದ 0.13 ಮಿ.ಮೀ. ಒಳಗಿರಬೇಕು. ಬೆರಳ ತುದಿ ಆಡಿಸಿದರೆ ತಗ್ಗು ತಿಳಿಯುತ್ತದೆ. ಉಬ್ಬು ತಿಳಿದರೆ ಅದು ಕೆಟ್ಟದ್ದು. ಪ್ರೈಮರ್ ಸರಿಯಾಗಿ ಕೂತಿದ್ದೂ ಕಾರ್ಖಾನೆಯ ತೋಟಾದಲ್ಲೂ ಏಟು ಆಳವಿಲ್ಲದಿದ್ದರೆ ಸ್ಟ್ರೈಕರ್ (ಪ್ರೈಮರಿಗೆ ಏಟು ಕೊಡುವ ಸೂಜಿ) ಸ್ಪ್ರಿಂಗ್ ಅಥವಾ ಅದರ ದಾರಿಯಲ್ಲಿ ಕಟ್ಟಿಕೊಂಡ ಜಿಡ್ಡನ್ನು ನೋಡಬೇಕು.

ಖಾಲಿ ಕೇಸ್ ಹೊರಹೋಗದೆ ಸ್ಲೈಡ್ ಬಾಯಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುವುದು, ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲದಿರುವುದು ಸಾಮಾನ್ಯವಾಗಿ ಹಗುರ ಮದ್ದಿನ ಲಕ್ಷಣ. ಕೇಸ್‌ಗಳು ಕಾಲ ಬುಡದಲ್ಲೇ ಬೀಳುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮದ್ದನ್ನು ಕೈಪಿಡಿಯ ಮಿತಿಯೊಳಗೆ ಏರಿಸಬಹುದು, ಇಲ್ಲವೇ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗನ್ನು ಹಗುರ ಮಾಡಬಹುದು. .45ರ ಪೂರ್ಣ ಗಾತ್ರದ 1911 ಮಾದರಿಯ ಪಿಸ್ತೂಲಿನಲ್ಲಿ ಮೂಲ ಸ್ಪ್ರಿಂಗ್ 16 ಪೌಂಡ್. ಗುರಿ ಅಭ್ಯಾಸದ ಮೆದು ತೋಟಾಕ್ಕೆ ಅದಕ್ಕಿಂತ ಕಡಿಮೆಯದನ್ನು ಹಾಕುವುದು ರೂಢಿ. ಸಡಿಲ ಮಣಿಕಟ್ಟಿನ ಹಿಡಿತವೂ ಇದೇ ತೊಂದರೆ ತರುತ್ತದೆ, ಅದಕ್ಕೇ ಇನ್ನೊಬ್ಬರ ಕೈಯಲ್ಲಿ ಹಾರಿಸಿ ನೋಡಬೇಕು. ಇದಕ್ಕೆ ತದ್ವಿರುದ್ಧವಾಗಿ ಕೇಸ್‌ಗಳು ದೂರ ಚಿಮ್ಮಿ, ಬುಡದ ಅಂಚು ಹರಿದು, ಪ್ರೈಮರ್ ಚಪ್ಪಟೆಯಾಗಿ ಗುಳಿಯ ಮೂಲೆಗಳನ್ನೆಲ್ಲ ತುಂಬಿದ್ದರೆ ಆ ಕಂತನ್ನು ಅಲ್ಲಿಗೇ ನಿಲ್ಲಿಸಿ. ಅದು ಹೆಚ್ಚಿನ ಒತ್ತಡದ ಗುರುತು.

ರಿವಾಲ್ವರ್ ಬೇರೆ ಜಾತಿ. ಅಲ್ಲಿ ತೋಟಾ ನಿಲ್ಲುವುದು ಕೇಸಿನ ಬುಡದ ಅಂಚಿನ (ರಿಮ್) ಮೇಲೆ, ಆದ್ದರಿಂದ ಗುಂಡಿನ ತೋಡಿಗೆ ಬಾಯಿ ಮಡಿಚುವ ರೋಲ್ ಕ್ರಿಂಪ್ ಹಾಕಬಹುದು, ಹಾಕಲೇಬೇಕು. ಇಲ್ಲದಿದ್ದರೆ ಒಂದು ತೋಟಾ ಹಾರಿದಾಗಿನ ಒದೆತಕ್ಕೆ ಉಳಿದವುಗಳ ಗುಂಡು ಮುಂದಕ್ಕೆ ಸರಿದು ಸಿಲಿಂಡರ್ ತಿರುಗದೆ ನಿಲ್ಲುತ್ತದೆ. ಉಬ್ಬಿದ ಪ್ರೈಮರ್ ಕೂಡ ಸಿಲಿಂಡರನ್ನು ಹಿಡಿಯುತ್ತದೆ. ಎರಡೂ ಇಲ್ಲದೆ ಬಿಗಿಯಾದರೆ ಕೇಸ್‌ಗಳನ್ನು ಹೊರತಳ್ಳುವ, ನಕ್ಷತ್ರದ ಆಕಾರದ ಎಕ್ಸ್‌ಟ್ರಾಕ್ಟರ್ ಕೆಳಗೆ ಸುಡದ ಮದ್ದಿನ ಕಣ ಸೇರಿರುತ್ತದೆ, ಬ್ರಷ್ ಆಡಿಸಿದರೆ ಮುಗಿಯಿತು.

ಎಲ್ಲಕ್ಕಿಂತ ಗಂಭೀರವಾದದ್ದು ಮದ್ದಿಲ್ಲದ ತೋಟಾ. ಪ್ರೈಮರ್ ಒಂದರ ಬಲಕ್ಕೇ ಗುಂಡು ಕೇಸ್ ಬಿಟ್ಟು ಬ್ಯಾರೆಲ್ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಸದ್ದು ‘ಪಟ್’ ಎಂದಷ್ಟೇ, ಒದೆತ ಇಲ್ಲ, ಸ್ಲೈಡ್ ಅಲುಗುವುದಿಲ್ಲ. ಅಭ್ಯಾಸಬಲದಿಂದ ಸ್ಲೈಡ್ ಎಳೆದು ಇನ್ನೊಂದನ್ನು ಹಾರಿಸಿದರೆ ಬ್ಯಾರೆಲ್ ಉಬ್ಬುತ್ತದೆ ಅಥವಾ ಸೀಳುತ್ತದೆ. ಸದ್ದು ವಿಚಿತ್ರವೆನಿಸಿದ ಕ್ಷಣವೇ ನಿಲ್ಲಿಸಿ, ಪಿಸ್ತೂಲು ಖಾಲಿ ಮಾಡಿ, ಬಿಚ್ಚಿ, ಬ್ಯಾರೆಲ್ ಒಳಗೆ ಸರಳು ಹಾಯಿಸಿ ನೋಡಬೇಕು. ಗುಂಡು ಸಿಕ್ಕಿದ್ದರೆ ಹಿತ್ತಾಳೆಯ ಸರಳಿನಿಂದ ತಟ್ಟಿ ಹೊರದೂಡಬೇಕು, ಎಂದಿಗೂ ಇನ್ನೊಂದು ಗುಂಡಿನಿಂದಲ್ಲ.

ಇಂಥದ್ದೊಂದು ಸಿಕ್ಕಿದರೆ ಆ ಕಂತಿನ ಉಳಿದವೂ ಅನುಮಾನದವೇ. ಅದಕ್ಕಾಗಿಯೇ ಪ್ರತಿ ಡಬ್ಬಿಯ ಮೇಲೆ ದಿನಾಂಕ, ಮದ್ದಿನ ಹೆಸರು ಮತ್ತು ಲಾಟ್ ನಂಬರ್, ಪ್ರಮಾಣ, ಗುಂಡಿನ ತೂಕ, ಪ್ರೈಮರ್, ತೋಟಾದ ಉದ್ದ ಬರೆದಿರಬೇಕು. ಸಿಂಗಲ್ ಸ್ಟೇಜ್‌ನಲ್ಲಿ ಒಂದು ಕಂತು ಐವತ್ತು, ಸುತ್ತಿಗೆಯ ರೂಪದ ಬುಲೆಟ್ ಪುಲ್ಲರ್‌ನಲ್ಲಿ ಒಂದು ಸಂಜೆಗೆ ಬಿಚ್ಚಿ ಮುಗಿಯುತ್ತದೆ. ಪ್ರೊಗ್ರೆಸಿವ್‌ನಲ್ಲಿ ಅದೇ ಕಂತು ಸಾವಿರವಾಗಿರಬಹುದು, ಹಾಗಾಗಿ ನೂರು ಪ್ರೈಮರಿನ ಪ್ರತಿ ನಳಿಕೆ ಮುಗಿದಾಗಲೂ ಡಬ್ಬಿ ಬದಲಿಸಿ, ಒಂದು ಸುರಿಯನ್ನು ತೂಗಿ, ಒಂದು ತೋಟಾ ಅಳೆದು ಚೀಟಿ ಬರೆಯಿರಿ. ತೂಗಿ ನೋಡಿ ಮದ್ದಿಲ್ಲದ್ದನ್ನು ಹುಡುಕುತ್ತೇನೆ ಎನ್ನುವವರಿದ್ದಾರೆ. ಪಿಸ್ತೂಲಿನ ತೋಟಾದಲ್ಲಿ ಅದು ನಂಬುವಂಥದ್ದಲ್ಲ: ಬೇರೆ ಬೇರೆ ತಯಾರಿಕೆಯ ಕೇಸ್‌ಗಳ, ಗುಂಡುಗಳ ತೂಕದ ವ್ಯತ್ಯಾಸ ಸೇರಿದರೆ ಮದ್ದಿನ ತೂಕವನ್ನೇ ನುಂಗಿಬಿಡುತ್ತದೆ. ಬಿಚ್ಚಿದ ಮದ್ದನ್ನು ಮತ್ತೆ ಬಳಸದೆ, ಅದನ್ನು ತಯಾರಿಸಿದವರು ಹೇಳಿದ ರೀತಿಯಲ್ಲಿ ವಿಲೇವಾರಿ ಮಾಡಿ.